ಪದಕದ ಪಟ್ಟಿಯಲ್ಲಿಲ್ಲದ ಹೆಸರು



ಮಂಗಳೂರಿನ ಅಕ್ಕಿ ಹಡಗೇರಿ ಮಸ್ಕತ್ತಿಗೆ ಬರುತ್ತಿದ್ದುದು, ಟಿಪ್ಪು ಸುಲ್ತಾನ ಇಲ್ಲಿ ವ್ಯಾಪಾರದ ಕೋಠಿ ಇಟ್ಟಿದ್ದು ನಮ್ಮಂಥವರ ಕೂಟಗಳಲ್ಲಿ ಆಗಾಗ ಬರುವ ಮಾತು. ಉಣ್ಣುವ ಅನ್ನ ಒಮಾನಿನದು, ಆಡುವ ಮಾತು ಕನ್ನಡದ್ದು ಆಗಿರುವ ನಮಗೆ ಈ ಎರಡು ನಾಡುಗಳು ಚರಿತ್ರೆಯಲ್ಲಿ ಎಲ್ಲೆಲ್ಲಿ ಸಂಧಿಸಿದವು ಎಂದು ಹುಡುಕುವುದೇ ಒಂದು ಸುಖ. ಆದರೆ ಒಂದು ಸಂಧಿ ನಮ್ಮ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ. ಅದು ಸಮುದ್ರ ವ್ಯಾಪಾರದ್ದಲ್ಲ, ಆಟದ ಮೈದಾನದ್ದು. 1988ರ ಅಕ್ಟೋಬರಿನಲ್ಲಿ ದಕ್ಷಿಣ ಕೊರಿಯಾದ ಸಿಯೋಲ್ ನಗರದಲ್ಲಿ ನಡೆದ ಪ್ಯಾರಾಲಿಂಪಿಕ್ಸ್‌ಗೆ ಒಮಾನ್ ಮೊಟ್ಟಮೊದಲ ಬಾರಿಗೆ ತನ್ನ ಕ್ರೀಡಾಪಟುಗಳನ್ನು ಕಳಿಸಿತು. ಅದೇ ಕೂಟಕ್ಕೆ ಭಾರತದ ಪರವಾಗಿ ಗಾಲಿಕುರ್ಚಿಯಲ್ಲಿ ಹೋದವರು ನಮ್ಮ ಬೆಂಗಳೂರಿನ ಮಾಲತಿ ಹೊಳ್ಳ.

ಈ ಕ್ರೀಡಾಕೂಟದ ಮೂಲ ಒಂದು ಆಸ್ಪತ್ರೆ. ಜರ್ಮನಿಯಲ್ಲಿ ಹಿಟ್ಲರನ ಆಡಳಿತದಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ಯಹೂದಿ ವೈದ್ಯ ಲುಡ್ವಿಗ್ ಗುಟ್‌ಮನ್, ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಏಟು ಬಿದ್ದ ಸೈನಿಕರನ್ನು ನೋಡಿಕೊಳ್ಳುತ್ತಿದ್ದರು. ಅಂಥವರನ್ನು ಹಾಸಿಗೆಯಲ್ಲಿ ಮಲಗಿಸಿ ದಿನ ಎಣಿಸುವುದೇ ಅಂದಿನ ರೂಢಿ. ಗುಟ್‌ಮನ್ ಅವರನ್ನು ಎಬ್ಬಿಸಿ ಕೂರಿಸಿದರು, ಕೈಗೆ ಬಿಲ್ಲು ಕೊಟ್ಟರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ 16 ಮಂದಿ ಗಾಲಿಕುರ್ಚಿಯಲ್ಲಿ ಕೂತು ಬಾಣ ಬಿಟ್ಟರು. 1960ರಲ್ಲಿ ರೋಮ್ ನಗರದಲ್ಲಿ ಸುಮಾರು 400 ಮಂದಿ ಸ್ಪರ್ಧಿಸಿದರು. ಅದನ್ನೇ ಮೊದಲ ಪ್ಯಾರಾಲಿಂಪಿಕ್ಸ್ ಎನ್ನುತ್ತಾರೆ.

ಹಾದಿ ಮಾತ್ರ ಸುಗಮವಾಗಿರಲಿಲ್ಲ. 1968ರಲ್ಲಿ ಮೆಕ್ಸಿಕೋ ನಗರ ಒಲ್ಲೆನೆಂದಿತು, ಕೂಟ ಟೆಲ್ ಅವೀವ್‌ಗೆ ಹೋಯಿತು. ಭಾರತ ಮೊದಲು ಕಾಣಿಸಿಕೊಂಡದ್ದು ಅಲ್ಲಿ. 1972ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಮುರಳೀಕಾಂತ್ ಪೇಟ್ಕರ್ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ನಮ್ಮ ಬೆಳಗಾವಿಗೆ ತಾಗಿಕೊಂಡಿರುವ ಸಾಂಗ್ಲಿ ಜಿಲ್ಲೆಯ ಈ ಸೈನಿಕ 1965ರ ಯುದ್ಧದಲ್ಲಿ ಗುಂಡೇಟು ತಿಂದವರು. ಅವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ, ಅಂದರೆ ಚಿನ್ನ ಗೆದ್ದ 46 ವರ್ಷಗಳ ನಂತರ! 1980ರಲ್ಲಿ ಮಾಸ್ಕೋ ಕೂಡ ಬೇಡವೆಂದಿತು. ಒಲಿಂಪಿಕ್ಸ್ ನಡೆದ ಊರಿನಲ್ಲೇ, ಅದೇ ಮೈದಾನದಲ್ಲೇ ಇವರಿಗೂ ಜಾಗ ಸಿಕ್ಕಿದ್ದು ಸಿಯೋಲ್‌ನಲ್ಲಿ. ಹಿತ್ತಿಲ ಬಾಗಿಲಿನಿಂದ ಬಂದವರಿಗೆ ಹೆಬ್ಬಾಗಿಲು ತೆರೆದ ವರ್ಷ ಅದು.

ಹಾಗೆಂದು ನಮ್ಮ ಎರಡೂ ನಾಡುಗಳು ಅಂಗವೈಕಲ್ಯ ಉಳ್ಳವರನ್ನು ಅಲ್ಲಿಯವರೆಗೆ ಕಡೆಗಣಿಸಿದ್ದವು ಎಂದರೆ ತಪ್ಪಾಗುತ್ತದೆ. ಒಮಾನಿನ ಚರಿತ್ರೆಯನ್ನು 'ತುಹ್ಫತ್ ಅಲ್ ಅಯಾನ್' ಎಂಬ ಗ್ರಂಥವಾಗಿ ಬರೆದ ನೂರುದ್ದೀನ್ ಅಲ್ ಸಾಲಿಮಿ ಕಣ್ಣು ಕಾಣದ ವಿದ್ವಾಂಸರು. 1914ರಲ್ಲಿ ತೀರಿಕೊಂಡ ಅವರ ಮಾತಿಗೆ ಈ ನಾಡಿನ ಧರ್ಮ, ರಾಜಕಾರಣಗಳೆರಡರಲ್ಲೂ ತೂಕವಿತ್ತು. ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ತಾವೂ ಅಂಧರಾಗಿ ಎಷ್ಟೋ ಅಂಧ ಮಕ್ಕಳಿಗೆ ಸಂಗೀತದ ಬದುಕು ಕಟ್ಟಿಕೊಟ್ಟರು. ಆದರೆ ನಾವು ಒಂದು ಮಾತು ಗಮನಿಸಬೇಕು. ಕಣ್ಣಿಲ್ಲದವರಿಗೆ ವಿದ್ಯೆ, ಸಂಗೀತ ಸಲ್ಲುತ್ತದೆ ಎಂದು ಒಪ್ಪಿದ್ದ ಸಮಾಜ, ಕಾಲಿಲ್ಲದವರಿಗೆ ಆಟ ಸಲ್ಲುತ್ತದೆ ಎಂದು ಒಪ್ಪಿರಲಿಲ್ಲ. ಊನವಾದ ದೇಹವನ್ನು ಮರೆತು ಒಳಗಿನ ಪ್ರತಿಭೆಯನ್ನು ನೋಡಿ ಎನ್ನುವುದು ಒಂದು ಬಗೆ. ಈ ದೇಹವನ್ನೇ ನೋಡಿ, ಇದು ಓಡುತ್ತದೆ, ಎಸೆಯುತ್ತದೆ, ಗೆಲ್ಲುತ್ತದೆ ಎನ್ನುವುದು ಇನ್ನೊಂದು ಬಗೆ. ಈ ಎರಡನೆಯದು ಹೊಸದು, ಕಷ್ಟದ್ದೂ ಹೌದು.

ಮಾಲತಿ ಹೊಳ್ಳ ಹುಟ್ಟಿದ್ದು 1958ರಲ್ಲಿ. ತಂದೆ ಕೃಷ್ಣಮೂರ್ತಿ ಹೊಳ್ಳರು ಬೆಂಗಳೂರಿನಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದರು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಬಂದ ಜ್ವರ ಇಡೀ ಮೈಯ ಚಲನೆಯನ್ನೇ ಕಸಿದುಕೊಂಡಿತು. ದೀರ್ಘ ಚಿಕಿತ್ಸೆಯಿಂದ ಸೊಂಟದ ಮೇಲಿನ ಭಾಗಕ್ಕೆ ಬಲ ಮರಳಿತು. ಬಾಲ್ಯದ ಹೆಚ್ಚು ಭಾಗ ಕಳೆದದ್ದು ಮನೆಯಿಂದ ದೂರ, ಮದರಾಸಿನ ಮೂಳೆ ಚಿಕಿತ್ಸಾ ಕೇಂದ್ರದಲ್ಲಿ. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಆಮೇಲೆ ಮಹಾರಾಣಿ ಕಾಲೇಜು, ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರಿ, ಅದರ ಜೊತೆಜೊತೆಗೆ ಗುಂಡು, ಚಕ್ರ, ಈಟಿ ಎಸೆತ, ಗಾಲಿಕುರ್ಚಿ ಓಟ. ಸಿಯೋಲ್ ಆದಮೇಲೆ 1992ರ ಬಾರ್ಸಿಲೋನಾ, 2004ರ ಅಥೆನ್ಸ್, 2008ರ ಬೀಜಿಂಗ್ ಪ್ಯಾರಾಲಿಂಪಿಕ್ಸ್‌ಗಳಲ್ಲೂ ಅವರು ಸ್ಪರ್ಧಿಸಿದರು. 1995ರ ಅರ್ಜುನ ಪ್ರಶಸ್ತಿ, 2001ರ ಪದ್ಮಶ್ರೀ ಅವರಿಗೆ ಸಂದವು. ಮಾತೃ ಫೌಂಡೇಷನ್ ಎಂಬ ಸಂಸ್ಥೆ ಕಟ್ಟಿ ಅಂಗವೈಕಲ್ಯವಿರುವ ಬಡ ಮಕ್ಕಳಿಗೆ ಆಸರೆಯಾದರು.

ಇಷ್ಟಾದರೂ ಪ್ಯಾರಾಲಿಂಪಿಕ್ಸ್ ಪದಕದ ಪಟ್ಟಿಯಲ್ಲಿ ಮಾಲತಿಯವರ ಹೆಸರಿಲ್ಲ. ಸಿಯೋಲ್‌ನಲ್ಲಿ ಭಾರತಕ್ಕೆ ಒಂದು ಪದಕವೂ ಬರಲಿಲ್ಲ. ಭಾರತದ ಹೆಣ್ಣುಮಗಳೊಬ್ಬಳು ಪ್ಯಾರಾಲಿಂಪಿಕ್ಸ್ ಪದಕ ಗೆದ್ದದ್ದು 2016ರ ರಿಯೋದಲ್ಲಿ, ಗುಂಡು ಎಸೆತದಲ್ಲಿ ಬೆಳ್ಳಿ ಪಡೆದ ದೀಪಾ ಮಲಿಕ್. ಸಿಯೋಲ್‌ನಿಂದ ಅಲ್ಲಿಗೆ 28 ವರ್ಷ. ಪದಕವನ್ನಷ್ಟೇ ಎಣಿಸುವ ಚರಿತ್ರೆಯಲ್ಲಿ ಆ 28 ವರ್ಷ ಬರೀ ಸೊನ್ನೆ. ಆದರೆ ಹೊಲ ಉತ್ತವರು ಯಾರು ಎಂದು ಕೇಳುವ ಚರಿತ್ರೆಯಲ್ಲಿ ಆ ವರ್ಷಗಳಿಗೇ ಮೊದಲ ಪುಟ.

ಫಸಲು ಬಂದದ್ದು ಆಮೇಲೆ. ಸಿಯೋಲ್ ಕೂಟದ ವರ್ಷವೇ ಹುಟ್ಟಿದ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರಲ್ಲಿ ಲಂಡನ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದರು. ಆ ವರ್ಷ ಭಾರತಕ್ಕೆ ಸಿಕ್ಕಿದ್ದು ಅದೊಂದೇ ಪದಕ. ಹಾಸನದಲ್ಲೇ ಹುಟ್ಟಿ ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲೂ 2024ರ ಪ್ಯಾರಿಸ್‌ನಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದರು. ಪ್ಯಾರಿಸ್‌ನಲ್ಲಿ ಭಾರತದ ಒಟ್ಟು ಪದಕ 29. ಒಮಾನ್ ಕೂಡ ಸಿಯೋಲ್‌ನಲ್ಲಿ ಇಟ್ಟ ಹೆಜ್ಜೆಯನ್ನು ಹಿಂದೆಗೆಯಲಿಲ್ಲ. 2008ರಲ್ಲಿ ಅಂಗವಿಕಲರ ಆರೈಕೆ ಮತ್ತು ಪುನರ್ವಸತಿಗೆಂದೇ ಇಲ್ಲಿ ರಾಜಾಜ್ಞೆಯ ಮೂಲಕ ಕಾನೂನು ಬಂತು.

ಅಂಗವಿಕಲ, ವಿಕಲಚೇತನ, ವಿಶೇಷಚೇತನ ಎಂದು ನಮ್ಮ ಕನ್ನಡ ಪದ ಬದಲಿಸುತ್ತಲೇ ಬಂದಿದೆ. ಪದ ಬದಲಾದರೆ ಸಾಲದು ಎಂದು ನಮಗೆಲ್ಲ ಗೊತ್ತು. ಹೆಸರಿನ ಮುಂದೆ ಕುಂಟ, ಕುರುಡ ಎಂದು ಸೇರಿಸಿ ಕರೆಯುವುದನ್ನು ಕೇಳಿಕೊಂಡೇ ನಾವೆಲ್ಲ ಬೆಳೆದಿದ್ದೇವೆ. ಅವರಲ್ಲಿ ಯಾರ ಕೈಗೆ ಈಟಿ ಒಪ್ಪುತ್ತಿತ್ತೋ, ಯಾರು ಬಲ್ಲರು? ಆಡಲು ಕರೆಯದೆ ಬಿಟ್ಟವರ ಚರಿತ್ರೆಯನ್ನು ಯಾರೂ ಬರೆದಿಟ್ಟಿಲ್ಲ. ಅಂಥ ಒಬ್ಬರು ನಿಮ್ಮ ಊರಿನಲ್ಲಿದ್ದರೆ, ಊರಿಗೆ ಫೋನು ಮಾಡಿದಾಗ ವಿಚಾರಿಸಿ, ಈ ಪತ್ರಕ್ಕೆ ನಾಲ್ಕು ಸಾಲು ಬರೆದು ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಅವರಿಗೆ ಜಾಗವಿದೆ.