ಹಾಲಿನ ಡಬ್ಬಿಯ ಮೇಲೆ ಬರೆದಿರುವ ಚರಿತ್ರೆ



ಮನೆಯಲ್ಲಿ ಮಗಳಿಗೋ ಸೊಸೆಗೋ ದಿನ ತುಂಬುತ್ತ ಬಂದಾಗ ಹೊಂದಿಸಿಡಬೇಕಾದ ಸಾಮಾನುಗಳ ಪಟ್ಟಿ ಬೆಳೆಯುತ್ತ ಹೋಗುತ್ತದೆ. ಹಳೆಯ ಮೆತ್ತನೆಯ ಸೀರೆ ಹರಿದು ಮಾಡಿದ ಬಟ್ಟೆ, ಕುಲಾವಿ, ತೊಟ್ಟಿಲು, ಬಾಣಂತಿಗೆ ಬೇಕಾದ ಒಣಶುಂಠಿ, ಅಳವಿ, ಬೆಲ್ಲ. ಈ ಪಟ್ಟಿಯ ಕೊನೆಗೆ ಈಗ ಎರಡು ಹೊಸ ಸಾಮಾನು ಸೇರಿಕೊಂಡಿವೆ. ಒಂದು ಹಾಲಿನ ಪುಡಿಯ ಡಬ್ಬಿ, ಇನ್ನೊಂದು ರಬ್ಬರಿನ ತೊಟ್ಟಿರುವ ಬಾಟಲಿ. ಯಾವ ಡಬ್ಬಿ ಒಳ್ಳೆಯದು, ಯಾವ ಬಾಟಲಿ ತರಬೇಕು ಎಂದು ನೀವು ಅಂಗಡಿಯವನನ್ನು ಕೇಳುತ್ತೀರಿ. ಅವನು ತನ್ನಲ್ಲಿ ಇರುವುದನ್ನು ಕೊಡುತ್ತಾನೆ.

ಆದರೆ ಉತ್ತರದ ಬಹುಭಾಗ ಡಬ್ಬಿಯ ಮೇಲೆಯೇ ಅಚ್ಚಾಗಿದೆ. ತೊಡಕೆಂದರೆ, ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಇಲ್ಲವೆ ಹಿಂದಿಯಲ್ಲಿ, ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಅಕ್ಕಲಕೋಟೆಯ ಅಜ್ಜಿಗೆ ಕನ್ನಡದ ಜತೆಗೆ ಮರಾಠಿ ಬರುತ್ತದೆ, ಮಡಕಶಿರಾದ ಅತ್ತೆಗೆ ತೆಲುಗು ಬರುತ್ತದೆ, ತಾಳವಾಡಿಯ ಅಕ್ಕನಿಗೆ ತಮಿಳು ಬರುತ್ತದೆ. ಎರಡೆರಡು ಭಾಷೆ ಬಲ್ಲ ಈ ಮೂವರಿಗೂ ಆ ಸಣ್ಣ ಅಕ್ಷರ ದಕ್ಕದೆ ಹೋಗಬಹುದು. ಆದ್ದರಿಂದ ಇಂದು ಆ ಡಬ್ಬಿಯನ್ನು ನಾವು ಕನ್ನಡದಲ್ಲಿ ಓದೋಣ. ಅದರ ಸಾಲುಗಳು ಸುಮ್ಮನೆ ಹುಟ್ಟಿದವಲ್ಲ. ಎಲ್ಲೋ ಒಂದು ಕಡೆ ಕೂಸುಗಳು ಸತ್ತ ಮೇಲೆ, ಯಾರೋ ಅದನ್ನು ಎತ್ತಿ ಹೇಳಿದ ಮೇಲೆ ಬರೆಯಬೇಕಾಗಿ ಬಂದ ಸಾಲುಗಳು ಅವು.

ಮೊದಲು ಡಬ್ಬಿ ಇಲ್ಲದಿದ್ದ ಕಾಲವನ್ನು ನೋಡೋಣ. ತಾಯಿಯಿಲ್ಲದ ಕೂಸು, ಹಾಲು ಬತ್ತಿದ ತಾಯಿ, ಅವಳಿ ಮಕ್ಕಳು ಎಲ್ಲ ಕಾಲದಲ್ಲೂ ಇದ್ದರು. ನಮ್ಮ ಆಯುರ್ವೇದ ಗ್ರಂಥಗಳು ಮೊಲೆಯೂಡಿಸುವ ದಾದಿಯನ್ನು ಹೇಗೆ ಆರಿಸಬೇಕೆಂದು ಹೇಳುತ್ತವೆ. ಎದೆಹಾಲು ಸಿಗದಾಗ ಆಡಿನ ಅಥವಾ ಹಸುವಿನ ಹಾಲು ಕೊಡಬಹುದೆಂದು ವಾಗ್ಭಟನು ಹೇಳಿದ್ದಾನೆ. ಹಾಗೆ ಕೊಡುವ ಹಾಲಿಗೆ ನಮ್ಮ ಮನೆಗಳಲ್ಲಿ ಇದ್ದ ಸಾಧನ ಒಳಲೆ. ಕೊಕ್ಕಿನಂತೆ ಚೂಪಾದ ಬಾಯಿಯಿರುವ ಪುಟ್ಟ ಬಟ್ಟಲು ಅದು. ಗಡಿನಾಡಿನವರಾದ ನಿಮಗೆ ಇದರ ಬೇರೆ ಹೆಸರುಗಳೂ ಗೊತ್ತು. ತಮಿಳರಿಗೆ ಅದು ಪಾಲಾಡೈ, ತೆಲುಗರಿಗೆ ಉಗ್ಗುಗಿನ್ನೆ, ಮರಾಠಿಯವರಿಗೆ ಬೊಂಡಲೆ. ದೂರದ ಜರ್ಮನಿಯ ಬವೇರಿಯದಲ್ಲಿ ಎರಡೂವರೆ ಸಾವಿರದಿಂದ ಮೂರು ಸಾವಿರ ವರ್ಷಗಳಷ್ಟು ಹಳೆಯ ಮಕ್ಕಳ ಗೋರಿಗಳಲ್ಲಿ ಇಂಥದೇ ಕೊಕ್ಕಿನ ಮಣ್ಣಿನ ಪಾತ್ರೆಗಳು ಸಿಕ್ಕಿವೆ. ಅವುಗಳ ಒಳಗೆ ಮೆಲುಕು ಹಾಕುವ ಪ್ರಾಣಿಗಳ ಹಾಲಿನ ಅಂಶ ಉಳಿದಿತ್ತೆಂದು ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು. ಒಳಲೆಯ ಗುಣವೆಂದರೆ ಅದು ಬಾಯ್ದೆರೆದ ಬಟ್ಟಲು. ಒಳಗೆ ಕೊಳೆ ಕೂತರೆ ಕಣ್ಣಿಗೆ ಕಾಣುತ್ತದೆ, ಬೆರಳು ಹಾಕಿ ತಿಕ್ಕಬಹುದು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಡಬ್ಬಿಯ ಹಿಂಭಾಗಕ್ಕೆ ಬನ್ನಿ. ಅಲ್ಲಿ ಪ್ರೋಟೀನು ಇಷ್ಟು, ಕೊಬ್ಬು ಇಷ್ಟು, ಸಕ್ಕರೆಯಂಶ ಇಷ್ಟು ಎಂಬ ಪಟ್ಟಿ ಇರುತ್ತದೆ. ಇದರ ಮೂಲ 19ನೆಯ ಶತಮಾನದ ಯುರೋಪಿನಲ್ಲಿದೆ. ಜರ್ಮನಿಯ ಹೆಸರಾಂತ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್ 1865ರಲ್ಲಿ ಗೋಧಿ ಹಿಟ್ಟು, ಮೊಳಕೆ ಬರಿಸಿದ ಧಾನ್ಯದ ಹಿಟ್ಟು, ಹಸುವಿನ ಹಾಲು ಮತ್ತು ಸ್ವಲ್ಪ ಕ್ಷಾರ ಸೇರಿಸಿ ಶಿಶುಗಳಿಗೊಂದು ಆಹಾರ ಮಾಡಿದ. ತಾಯಿಯ ಹಾಲಿನ ಅಂಶಗಳನ್ನು ಅಳೆದು ಅದಕ್ಕೆ ಸಮನಾಗಿ ಮಾಡಿದ್ದೇನೆಂಬುದು ಅವನ ನಂಬಿಕೆ. 1867ರಲ್ಲಿ ಪ್ಯಾರಿಸಿನ ವೈದ್ಯರೊಬ್ಬರು ಅದನ್ನು ನಾಲ್ಕು ನವಜಾತ ಶಿಶುಗಳಿಗೆ ಕೊಟ್ಟು ನೋಡಿದರು. ಕೆಲವೇ ದಿನಗಳಲ್ಲಿ ನಾಲ್ಕೂ ಸತ್ತವು. ಅದೇ 1867ರಲ್ಲಿ ಸ್ವಿಟ್ಸರ್ಲೆಂಡಿನ ವೆವೇ ಊರಿನಲ್ಲಿ ಔಷಧ ತಯಾರಿಕೆ ಕಲಿತಿದ್ದ ಹೆನ್ರಿ ನೆಸ್ಲೆ ಎಂಬಾತ ಹಾಲು, ಗೋಧಿ ಹಿಟ್ಟು, ಸಕ್ಕರೆ ಸೇರಿಸಿ ಒಣಗಿಸಿದ ಪುಡಿಯನ್ನು ಮಾರಾಟಕ್ಕೆ ತಂದ. ನೀರು ಬೆರೆಸಿದರೆ ಸಾಕು, ಬೇರೆ ಹಾಲು ಬೇಡ ಎಂಬುದು ಅದರ ಆಕರ್ಷಣೆ.

ತೊಡಕು ಎಲ್ಲಿತ್ತು? ಹಸುವಿನ ಹಾಲಿನಲ್ಲಿ ತಾಯಿಯ ಹಾಲಿಗಿಂತ ಸುಮಾರು ಮೂರು ಪಟ್ಟು ಪ್ರೋಟೀನು ಇದೆ, ಉಪ್ಪಿನಂಶವೂ ಹೆಚ್ಚು. ಹಸುಗೂಸಿನ ಮೂತ್ರಪಿಂಡಕ್ಕೆ ಅದು ಹೊರೆ. ನೀರು ಬೆರೆಸಿ ತೆಳುವಾಗಿಸಿದರೆ ಉಳಿದ ಪೋಷಣೆ ಕಡಿಮೆಯಾಗುತ್ತದೆ. ಮುಂದಿನ ದಶಕಗಳ ಕೆಲಸವೆಲ್ಲ ಈ ಅಳತೆಯನ್ನು ಸರಿಪಡಿಸುವುದೇ ಆಯಿತು. ಇಂದಿನ ಪುಡಿ ಲೀಬಿಗನ ಪುಡಿಗಿಂತ ಬಹಳ ಸುಧಾರಿಸಿದ್ದು ನಿಜ. ಆದರೆ ರೋಗದಿಂದ ಕಾಯುವ ಗುಣ ತಾಯಿಯ ಹಾಲಿನಲ್ಲಿ, ಅದರಲ್ಲೂ ಹೆರಿಗೆಯಾದ ಮೊದಲ ದಿನಗಳ ಗಿಣ್ಣುಹಾಲಿನಲ್ಲಿ ಇದೆಯಲ್ಲ, ಅದನ್ನು ಯಾವ ಕಾರ್ಖಾನೆಯೂ ಹಾಗೆಯೇ ಡಬ್ಬಿಗೆ ತುಂಬಲಾಗಿಲ್ಲ.

ಎರಡನೆಯದು, ಬಾಟಲಿಯನ್ನು ಕುದಿಸಿರಿ ಎಂಬ ಸಾಲು. ರಬ್ಬರಿನ ತೊಟ್ಟಿಗೆ 1845ರಲ್ಲಿ ನ್ಯೂಯಾರ್ಕಿನ ಎಲೈಜಾ ಪ್ರಾಟ್ ಎಂಬಾತ ಪೇಟೆಂಟ್ ಪಡೆದ. ಅದಾದ ಮೇಲೆ ಇಂಗ್ಲೆಂಡಿನಲ್ಲಿ ಉದ್ದನೆಯ ರಬ್ಬರ್ ನಳಿಗೆಯ ಗಾಜಿನ ಸೀಸೆಗಳು ಬಂದವು. ಕೂಸಿನ ಪಕ್ಕದಲ್ಲಿ ಸೀಸೆ ಇಟ್ಟು ನಳಿಗೆಯನ್ನು ಬಾಯಿಗಿಟ್ಟರೆ ತಾಯಿ ಕೆಲಸಕ್ಕೆ ಹೋಗಬಹುದು. ಆ ನಳಿಗೆಯ ಒಳಗೆ ಹಾಲು ಹುಳಿತು ಅಂಟಿಕೊಂಡಿದ್ದರೂ ಹೊರಗೆ ಕಾಣುತ್ತಿರಲಿಲ್ಲ, ತಿಕ್ಕಲು ಕೈ ಹೋಗುತ್ತಿರಲಿಲ್ಲ. 1861ರಲ್ಲಿ ಪುಸ್ತಕವಾಗಿ ಬಂದ ಮಿಸೆಸ್ ಬೀಟನ್ ಅವರ ಮನೆವಾರ್ತೆಯ ಗ್ರಂಥವು, ಅಂದು ಬಳಕೆಯಲ್ಲಿದ್ದ ಕರುವಿನ ತೊಟ್ಟನ್ನು ಸುಮಾರು ಹದಿನೈದು ದಿನ ಸೀಸೆಯಿಂದ ತೆಗೆಯಬೇಕಾಗಿಲ್ಲ ಎಂದೇ ಸಲಹೆ ಕೊಟ್ಟಿತ್ತು. ರೋಗಾಣುಗಳ ಅರಿವು ಇನ್ನೂ ಮನೆಗಳಿಗೆ ಮುಟ್ಟಿರಲಿಲ್ಲ. ಭೇದಿಯಿಂದ ಸತ್ತ ಕೂಸುಗಳ ಲೆಕ್ಕ ಬೆಳೆದಂತೆ ಆ ಸೀಸೆಗಳಿಗೆ ಕೊಲೆಗಾರ ಸೀಸೆಗಳೆಂಬ ಹೆಸರು ಬಂತು. ಜರ್ಮನಿಯ ಫ್ರಾನ್ಸ್ ಫಾನ್ ಸಾಕ್ಸ್‌ಲೆಟ್ 1886ರಲ್ಲಿ ಶಿಶುಗಳ ಹಾಲನ್ನು ಸೀಸೆಯಲ್ಲೇ ಕಾಯಿಸಿ ಶುದ್ಧಗೊಳಿಸುವ ಕ್ರಮವನ್ನು ಹೇಳಿಕೊಟ್ಟ. ಶತಮಾನದ ಕೊನೆಯ ವೇಳೆಗೆ ಎರಡೂ ತುದಿ ತೆರೆದಿರುವ, ದೋಣಿಯಾಕಾರದ ಸೀಸೆ ಬಂತು. ಒಂದು ಕಡೆಯಿಂದ ನೀರು ಬಿಟ್ಟರೆ ಇನ್ನೊಂದು ಕಡೆಯಿಂದ ಹೊರಗೆ ಬರಬೇಕು, ಅಷ್ಟೇ ಅದರ ಜಾಣತನ. ನಮ್ಮ ಒಳಲೆಯ ಗುಣವನ್ನು ಗಾಜಿನ ಸೀಸೆ ಹೀಗೆ ಬಹಳ ಸುತ್ತಿ ಬಂದು ಕಲಿಯಿತು.

ಭಾರತಕ್ಕೆ ಈ ಡಬ್ಬಿಗಳು ಮೊದಲು ಹಡಗಿನಲ್ಲಿ ಬಂದವು. ನ್ಯೂಜಿಲೆಂಡಿನ ಹಾಲಿನ ಪುಡಿಯಿಂದ ಹುಟ್ಟಿದ ಗ್ಲ್ಯಾಕ್ಸೊ ಹೆಸರು ನಮ್ಮಲ್ಲಿ ಎಷ್ಟು ಹರಡಿತೆಂದರೆ, ದುಂಡುದುಂಡಾದ ಕೂಸನ್ನು ಕಂಡರೆ ‘ಗ್ಲ್ಯಾಕ್ಸೊ ಬೇಬಿ’ ಎನ್ನುವ ಮಾತು ಇಂದಿಗೂ ಹಿರಿಯರ ಬಾಯಲ್ಲಿದೆ. ಒಂದು ಜಾಹೀರಾತು ನಮ್ಮ ನಾಲಗೆಯ ಮೇಲೆ ಹೀಗೆ ಮನೆ ಮಾಡಿತು. ಸ್ವಾತಂತ್ರ್ಯ ಬಂದ ಮೇಲೆ ಈ ಆಮದಿಗೆ ಹೊರದೇಶದ ಹಣ ತೆರಬೇಕಾಯಿತು. ನಮ್ಮಲ್ಲಿ ಹೇರಳವಾಗಿದ್ದುದು ಎಮ್ಮೆಯ ಹಾಲು; ಎಮ್ಮೆಯ ಹಾಲನ್ನು ಪುಡಿ ಮಾಡಲಾಗದೆಂದು ಪಶ್ಚಿಮದ ತಜ್ಞರು ಹೇಳುತ್ತಿದ್ದರು. ಗುಜರಾತಿನ ಆಣಂದದಲ್ಲಿ ವರ್ಗೀಸ್ ಕುರಿಯನ್ ಅವರ ಜತೆಗಾರ ಎಚ್. ಎಂ. ದಲಾಯ ಅದನ್ನು ಮಾಡಿ ತೋರಿಸಿದರು. 1955ರಲ್ಲಿ ಅಲ್ಲಿನ ಪುಡಿಯ ಕಾರ್ಖಾನೆಯನ್ನು ಜವಾಹರಲಾಲ ನೆಹರು ಉದ್ಘಾಟಿಸಿದರು. ಆದರೆ ದೊಡ್ಡವರ ಚಹಾಕ್ಕೆ ಆಗುವ ಪುಡಿ ಕೂಸಿನ ಹೊಟ್ಟೆಗೆ ಆಗದು. ಎಮ್ಮೆಯ ಹಾಲಿನಲ್ಲಿ ಕೊಬ್ಬು ಹೆಚ್ಚು, ಹೊಟ್ಟೆಯಲ್ಲಿ ಅದು ಗಟ್ಟಿಯಾಗಿ ಒಡೆಯುತ್ತದೆ. ಅದನ್ನು ಶಿಶುವಿಗೆ ಹೊಂದುವಂತೆ ಮಾಡುವ ವಿಧಾನ ರೂಪುಗೊಂಡದ್ದು ಕನ್ನಡನಾಡಿನ ನೆಲದಲ್ಲಿ, 1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ. ಆ ವಿಧಾನದಿಂದ ಆಣಂದದ ಸಹಕಾರ ಸಂಘ ಶಿಶು ಆಹಾರವನ್ನು ತಯಾರಿಸಿತು. ಹಳ್ಳಿಯ ಎಮ್ಮೆಯ ಹಾಲು ಡಬ್ಬಿಯಾಗಿ ಮರಳಿ ನಮ್ಮ ಅಂಗಡಿಗಳಿಗೆ ಬಂದ ಕಥೆ ಇದು.

ಈಗ ಡಬ್ಬಿಯ ಮುಖ್ಯ ಸಾಲು. ‘ತಾಯಿಯ ಹಾಲೇ ನಿಮ್ಮ ಮಗುವಿಗೆ ಅತ್ಯುತ್ತಮ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತದೆ. ತನ್ನ ಸರಕಿಗಿಂತ ಇನ್ನೊಂದು ಒಳ್ಳೆಯದೆಂದು ಯಾವ ವ್ಯಾಪಾರಿ ತಾನಾಗಿ ಬರೆದಾನು? ಇದನ್ನು ಬರೆಸಲು ಅರ್ಧ ಶತಮಾನಕ್ಕೂ ಮಿಕ್ಕಿ ಕಾಲ ಹಿಡಿಯಿತು. ಸಿಂಗಪುರದಲ್ಲಿದ್ದ ಮಕ್ಕಳ ವೈದ್ಯೆ ಸಿಸಿಲಿ ವಿಲಿಯಮ್ಸ್ 1939ರಲ್ಲಿ ಅಲ್ಲಿನ ರೋಟರಿ ಸಭೆಯಲ್ಲಿ ಒಂದು ಭಾಷಣ ಮಾಡಿದರು. ಸಿಹಿಗಟ್ಟಿಸಿದ ಡಬ್ಬಿಹಾಲನ್ನು ಕೂಸುಗಳಿಗೆ ಯೋಗ್ಯವೆಂದು ಪ್ರಚಾರ ಮಾಡಿ ಮಾರುವುದರಿಂದ ಆಗುವ ಸಾವುಗಳನ್ನು ಕೊಲೆಯೆಂದೇ ಎಣಿಸಬೇಕೆಂದು ವ್ಯಾಪಾರಿಗಳ ಎದುರಿನಲ್ಲೇ ಹೇಳಿದರು. ಆ ಮಾತು ಜಗತ್ತಿಗೆ ಕೇಳಿಸಲು ಮೂವತ್ತೈದು ವರ್ಷ ಬೇಕಾಯಿತು. 1974ರಲ್ಲಿ ಬ್ರಿಟನ್ನಿನ ‘ವಾರ್ ಆನ್ ವಾಂಟ್’ ಸಂಸ್ಥೆ ಬಡದೇಶಗಳಲ್ಲಿ ಪುಡಿಹಾಲಿನ ಮಾರಾಟದ ಬಗ್ಗೆ ಒಂದು ಪುಸ್ತಿಕೆ ತಂದಿತು. ದಾದಿಯರ ಉಡುಪು ತೊಟ್ಟ ಮಾರಾಟಗಾರ್ತಿಯರು ಹೆರಿಗೆ ಆಸ್ಪತ್ರೆಗಳಿಗೆ ಬರುತ್ತಿದ್ದರು, ಉಚಿತ ಡಬ್ಬಿಗಳನ್ನು ಹಂಚುತ್ತಿದ್ದರು.

ಉಚಿತ ಡಬ್ಬಿಯ ಅಪಾಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೂಸು ಚೀಪಿದಷ್ಟೂ ತಾಯಿಗೆ ಹಾಲು ಇಳಿಯುತ್ತದೆ. ಚೀಪದಿದ್ದರೆ ಹಾಲು ಬತ್ತುತ್ತದೆ. ಉಚಿತ ಡಬ್ಬಿ ಮುಗಿಯುವ ಹೊತ್ತಿಗೆ ಎದೆಯಲ್ಲಿ ಹಾಲಿಲ್ಲ, ಕೈಯಲ್ಲಿ ಹಣವಿಲ್ಲ. ಮೂರು ತಿಂಗಳ ಕೂಸಿಗೆ ಬರಿಯ ಪುಡಿಹಾಲೇ ಆಹಾರವಾದರೆ ಅರ್ಧ ಕಿಲೋ ಡಬ್ಬಿ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಬಡ ತಾಯಿ ಅದನ್ನು ಹದಿನೈದು ದಿನಕ್ಕೆ ಹೊಂದಿಸಲು ನೋಡುತ್ತಾಳೆ. ಪುಡಿ ಕಡಿಮೆ, ನೀರು ಹೆಚ್ಚು. ಆ ನೀರೂ ಶುದ್ಧವಲ್ಲ. ಬಾಟಲಿ ನೋಡಲು ಬೆಳ್ಳಗೇ ಇರುತ್ತದೆ, ಕೂಸು ಸೊರಗುತ್ತದೆ. ಅಳತೆಯ ಚಮಚ ಡಬ್ಬಿಯೊಳಗೇ ಇರುವುದು, ‘ಹೇಳಿದ ಅಳತೆಯಲ್ಲೇ ಬೆರೆಸಿರಿ’ ಎಂಬ ಸಾಲು ಇರುವುದು ಈ ಕಾರಣಕ್ಕೆ.

ಸ್ವಿಟ್ಸರ್ಲೆಂಡಿನ ಯುವಕರ ಗುಂಪೊಂದು ಆ ಪುಸ್ತಿಕೆಯನ್ನು ಇನ್ನೂ ಕಟುವಾದ ಹೆಸರಿನಲ್ಲಿ ಅನುವಾದಿಸಿದಾಗ ನೆಸ್ಲೆ ಕಂಪೆನಿ ಮಾನನಷ್ಟದ ದಾವೆ ಹೂಡಿತು. 1976ರ ತೀರ್ಪು ಗುಂಪಿಗೆ ಸಣ್ಣ ದಂಡ ಹಾಕಿತು. ಪ್ರಚಾರದ ರೀತಿಯನ್ನು ಬದಲಿಸಿಕೊಳ್ಳಬೇಕೆಂದು ಕಂಪೆನಿಗೂ ಹೇಳಿತು. 1977ರಲ್ಲಿ ಅಮೆರಿಕದಲ್ಲಿ ಆ ಕಂಪೆನಿಯ ಸರಕುಗಳ ಬಹಿಷ್ಕಾರ ಆರಂಭವಾಯಿತು. ಕೊನೆಗೆ 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಎದೆಹಾಲಿನ ಬದಲಿಗಳ ಮಾರಾಟಕ್ಕೆ ಒಂದು ಅಂತರರಾಷ್ಟ್ರೀಯ ನಿಯಮಾವಳಿಯನ್ನು ಒಪ್ಪಿತು. ಪರವಾಗಿ 118 ಮತಗಳು, ವಿರುದ್ಧ ಒಂದೇ ಮತ, ಅದು ಅಮೆರಿಕದ್ದು.

ಭಾರತವು 1983ರಲ್ಲಿ ತನ್ನದೇ ನಿಯಮಾವಳಿ ಮಾಡಿತು. ಅದು ಬರಿಯ ಸಲಹೆಯಾಗಿದ್ದುದರಿಂದ 1992ರಲ್ಲಿ ಕಾಯ್ದೆಯಾಯಿತು, 1993ರ ಆಗಸ್ಟ್ 1ರಿಂದ ಜಾರಿಗೆ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಈಗ ನಿಮ್ಮ ಡಬ್ಬಿಯನ್ನು ತಿರುಗಿಸಿ ನೋಡಿ. ಅದರ ಮೇಲೆ ಕೂಸಿನ ಚಿತ್ರವಿಲ್ಲ, ತಾಯಿಯ ಚಿತ್ರವಿಲ್ಲ. ಕಾಯ್ದೆ ಅದನ್ನು ನಿಷೇಧಿಸಿದೆ. ಎರಡು ವರ್ಷದೊಳಗಿನ ಮಕ್ಕಳ ಇಂಥ ಆಹಾರಕ್ಕೂ ಹಾಲೂಡಿಸುವ ಬಾಟಲಿಗೂ ಜಾಹೀರಾತು ಕೂಡದು. ಬಸುರಿಗೆ, ಬಾಣಂತಿಗೆ ಉಚಿತ ಮಾದರಿ ಕೊಡಕೂಡದು. ಯಾರಾದರೂ ನಿಮ್ಮ ಕೈಗೆ ಅಂಥ ಡಬ್ಬಿ ಇಟ್ಟರೆ ಅದು ಉಪಕಾರವೆಂದು ತಿಳಿಯಬೇಡಿ, ಕಾನೂನಿನ ಉಲ್ಲಂಘನೆಯೆಂದು ತಿಳಿಯಿರಿ.

ಹಾಗಾದರೆ ಪಟ್ಟಿಯಲ್ಲಿ ಡಬ್ಬಿ, ಬಾಟಲಿ ಬೇಡವೇ? ಹೆರಿಗೆಗೆ ಮೊದಲೇ ಅವನ್ನು ತಂದಿಡುವ ಅಗತ್ಯವಿಲ್ಲ. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯು 2001ರಿಂದ ಹೇಳುತ್ತಿರುವ ಮಾತು. ತಾಯಿ ತೀರಿಕೊಂಡಿದ್ದರೆ, ಕಾಯಿಲೆಯಿದ್ದರೆ, ಪ್ರಯತ್ನಪಟ್ಟೂ ಹಾಲು ಸಾಲದಿದ್ದರೆ ಪುಡಿಹಾಲು ಕೂಸಿನ ಜೀವ ಉಳಿಸುತ್ತದೆ. ಆಗ ಅದನ್ನು ಕೊಡುವ ತಾಯಿಯನ್ನು ಯಾರೂ ಹೀಗಳೆಯಬಾರದು. ಆದರೆ ಯಾವ ಡಬ್ಬಿ ಎಂಬುದನ್ನು ವೈದ್ಯರು ಹೇಳಲಿ. ಕೂಸಿನ ವಯಸ್ಸಿಗೆ ತಕ್ಕದ್ದೇ, ಅವಧಿ ಮೀರಿಲ್ಲವೇ ಎಂದು ನೋಡಿ ತನ್ನಿ. ಪುಡಿ ಪೂರ್ತಿ ರೋಗಾಣುರಹಿತವಲ್ಲವಾದ್ದರಿಂದ, ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗೆ ಆರುವ ಮೊದಲೇ ಬೆರೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಬೆರೆಸಿದ್ದನ್ನು ಉಗುರುಬೆಚ್ಚಗೆ ಆರಿಸಿ ಕುಡಿಸಿ. ಎರಡು ಗಂಟೆಯೊಳಗೆ ಮುಗಿಯದಿದ್ದರೆ ಚೆಲ್ಲಿ. ಚೆಲ್ಲಲು ಮನಸ್ಸು ಬಾರದು, ಆದರೂ ಚೆಲ್ಲಿ.

ಬಾಟಲಿಯೇ ಬೇಕಾದರೆ ಐ.ಎಸ್.ಐ. ಗುರುತು ಇರುವುದನ್ನೇ ಕೇಳಿ, ಕಾಯ್ದೆಯ ಪ್ರಕಾರ ಅದು ಇರಲೇಬೇಕು. ಅಗಲ ಬಾಯಿಯದು, ಬಿಡಿಭಾಗಗಳು ಕಡಿಮೆ ಇರುವುದು ತೊಳೆಯಲು ಸುಲಭ. ಇನ್ನೂ ಸುಲಭವಾದದ್ದು ಸ್ಟೀಲಿನ ಬಟ್ಟಲು, ಚಮಚ, ಇಲ್ಲವೆ ನಿಮ್ಮ ಮನೆಯ ಅಟ್ಟದ ಮೇಲಿರುವ ಹಳೆಯ ಒಳಲೆ. ಇಂದಿಗೂ ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ತಾಯಿಯ ಹಾಲನ್ನು ಹಿಂಡಿ ಪಾಲಾಡೈಯಿಂದಲೇ ಕುಡಿಸುತ್ತಾರೆ. ಅದನ್ನು ಕೆಳಗಿಳಿಸಿ, ಹುಣಸೆಹುಳಿ ಹಚ್ಚಿ ತಿಕ್ಕಿ ತೊಳೆದು, ಕುದಿಯುವ ನೀರಿನಲ್ಲಿ ಕುದಿಸಿ ಇಟ್ಟುಕೊಳ್ಳಿ. ಡಬ್ಬಿಯನ್ನು ತರಲೇಬೇಕಾದ ದಿನ ಬಂದರೆ, ಅದರ ಮೇಲಿನ ಬರಹವನ್ನು ಓದಬಲ್ಲ ಮಗನಿಂದಲೋ ಮಗಳಿಂದಲೋ ಒಂದು ಸಲ ಗಟ್ಟಿಯಾಗಿ ಓದಿಸಿ ಕೇಳಿ. ಆಮೇಲೆ ಮುಚ್ಚಳ ತೆರೆಯಿರಿ.