ಚಕ್ಕುಬಂದಿಯ ಜಾಡು ಹಿಡಿದು

ಮೈಸೂರಿನ ಅಗ್ರಹಾರದಲ್ಲೋ ಚಾಮರಾಜ ಮೊಹಲ್ಲಾದಲ್ಲೋ ಒಂದು ಹಳೆಯ ಮನೆ ಮಾರಾಟಕ್ಕೆ ಬಂದರೆ ಬ್ಯಾಂಕಿನ ವಕೀಲರು ಕೇಳುವ ಕಾಗದಗಳ ಪಟ್ಟಿ ಸಣ್ಣದಲ್ಲ. ಮೂಲಪತ್ರ, ಆನಂತರದ ಕ್ರಯಪತ್ರಗಳು, ವಂಶವೃಕ್ಷ, ಖಾತಾ ನಕಲು, ಕಂದಾಯದ ರಸೀದಿ, ಮೂವತ್ತು ವರ್ಷದ ಋಣಭಾರ ಪತ್ರ. ನಗರದ ಅಂಚಿನ ಜಮೀನಾದರೆ ಪಹಣಿ, ಮ್ಯುಟೇಶನ್, ಟಿಪ್ಪಣಿ, ಆಕಾರ್‌ಬಂದ್ ಕೂಡ ಬೇಕು. ಇಷ್ಟೊಂದು ಯಾಕೆ ಎಂದು ಬೇಸರಪಡುವವರೇ ಹೆಚ್ಚು. ಉತ್ತರ ಇತಿಹಾಸದಲ್ಲಿದೆ. ಈ ಕಾಗದಗಳು ಒಂದೇ ಕಚೇರಿಯಲ್ಲಿ, ಒಂದೇ ಉದ್ದೇಶಕ್ಕೆ ಹುಟ್ಟಿದವಲ್ಲ. ಕಂದಾಯ ಇಲಾಖೆಗೆ ಬೇಕಿದ್ದದ್ದು ತೆರಿಗೆ ಕಟ್ಟುವವನ ಹೆಸರು. ಸರ್ವೆಯವರಿಗೆ ಬೇಕಿದ್ದದ್ದು ಅಳತೆ. ಉಪನೋಂದಣಿ ಕಚೇರಿ ಬರೆದಿಟ್ಟದ್ದು ಯಾರಿಂದ ಯಾರಿಗೆ ವ್ಯವಹಾರವಾಯಿತು ಎಂಬುದನ್ನು ಮಾತ್ರ. ನಗರಪಾಲಿಕೆ ನೋಡಿದ್ದು ಮನೆಗಂದಾಯವನ್ನು. ‘ಈ ಆಸ್ತಿ ಇಂಥವರದೇ’ ಎಂದು ಸರ್ಕಾರವೇ ಹೊಣೆ ಹೊತ್ತು ಬರೆದುಕೊಡುವ ಏಕೈಕ ಕಾಗದ ನಮ್ಮಲ್ಲಿ ಇಂದಿಗೂ ಇಲ್ಲ. ಆದ್ದರಿಂದ ಆಸ್ತಿಯ ದಾಖಲೆ ಹುಡುಕುವುದೆಂದರೆ ನಾಲ್ಕು ಕಚೇರಿಗಳ ಬರಹವನ್ನು ಒಂದಕ್ಕೊಂದು ತಾಳೆ ನೋಡುವುದು.

ಕಾಗದಕ್ಕಿಂತ ಮೊದಲು ಕಲ್ಲಿತ್ತು. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದಾದ ಹಲ್ಮಿಡಿ ಶಾಸನವೇ ಒಂದು ಭೂದಾನದ ದಾಖಲೆ. 1936ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದವರು ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕ ಎಂ.ಎಚ್. ಕೃಷ್ಣ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಮೈಸೂರು ಜಿಲ್ಲೆಯ ಸಂಪುಟಗಳು 1894 ಮತ್ತು 1898ರಲ್ಲಿ ಹೊರಬಂದವು. ಅವುಗಳಲ್ಲಿ ಪುಟ ಪುಟಕ್ಕೂ ಸಿಗುವುದು ಗದ್ದೆ, ಬೆದ್ದಲು, ತೋಟಗಳ ದತ್ತಿ. ಭೂಮಿಯ ವಿಸ್ತೀರ್ಣವನ್ನು ಬಿತ್ತನೆಯ ಲೆಕ್ಕದಲ್ಲಿ, ಕೊಳಗ ಖಂಡುಗಗಳಲ್ಲಿ ಹೇಳುತ್ತಿದ್ದರು. ಎಲ್ಲೆಯನ್ನು ಮೂಡಣ ದಿಕ್ಕಿನಿಂದ ಸುತ್ತುಹಾಕಿ ಹುತ್ತ, ಹಳ್ಳ, ಹುಣಸೆಮರ, ಕೆರೆಯ ತೂಬುಗಳ ಗುರುತಿನಿಂದ ವಿವರಿಸುತ್ತಿದ್ದರು. ವೈಷ್ಣವ ದತ್ತಿಯ ಗಡಿಗೆ ವಾಮನಮುದ್ರೆಯ ಕಲ್ಲು, ಶೈವ ದತ್ತಿಗೆ ಲಿಂಗಮುದ್ರೆಯ ಕಲ್ಲು, ಜೈನ ದತ್ತಿಗೆ ಮುಕ್ಕೊಡೆ ಕಲ್ಲು. ಓದು ಬಾರದವನಿಗೂ ಇದು ಯಾರ ಜಮೀನು ಎಂದು ತಿಳಿಯುವ ಏರ್ಪಾಡು ಅದು.

ಈ ವಿದ್ಯೆ ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿ ಮೈಸೂರಿನಲ್ಲೇ ಇದೆ. ಇಲ್ಲಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಪ್ರಕಟಿಸಿದರು. ಅದರಲ್ಲಿ ‘ಗೋಪ’ ಎಂಬ ಅಧಿಕಾರಿಯ ಕೆಲಸವೆಂದರೆ ಹಳ್ಳಿಗಳ ಎಲ್ಲೆ, ಹೊಲಗಳ ಸಂಖ್ಯೆ, ದಾನ, ಕ್ರಯ, ವಿನಾಯಿತಿಗಳನ್ನು ಬರೆದಿಡುವುದು. ಶಾನುಭೋಗರು ಶತಮಾನಗಳ ಕಾಲ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಅವರ ಲೆಕ್ಕ ಕಡತದಲ್ಲಿರುತ್ತಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುವ ಪುಸ್ತಕ ಅದು. ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಅದೇ ಅದರ ಅನುಕೂಲ, ಅದೇ ಅದರ ಅಪಾಯ.

ಅಳಿಸಲಾಗದ ಲೆಕ್ಕ ಬಂದದ್ದು ಸರಪಳಿಯ ಜೊತೆಗೆ. ಬ್ರಿಟಿಷ್ ಕಮಿಷನರುಗಳು ಮೈಸೂರನ್ನು ಆಳುತ್ತಿದ್ದ ಕಾಲದಲ್ಲಿ, 1863ರಲ್ಲಿ, ಬೊಂಬಾಯಿ ಪದ್ಧತಿಯ ಕಂದಾಯ ಸರ್ವೆ ಚಿತ್ರದುರ್ಗದ ಕಡೆಯಿಂದ ಶುರುವಾಯಿತು. 33 ಅಡಿ ಉದ್ದದ ಸರಪಳಿ, ಅದಕ್ಕೆ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಾದರೆ ಒಂದು ಗುಂಟೆ, ಅಂದರೆ 1,089 ಚದರಡಿ. ಅಂಥ ನಲವತ್ತು ಗುಂಟೆ ಸೇರಿದರೆ ಒಂದು ಎಕರೆ. ಇಂದು ಮೈಸೂರಿನ ಸುತ್ತ ಯಾವ ಬ್ರೋಕರ್ ಬಾಯಲ್ಲಿ ಗುಂಟೆ ಲೆಕ್ಕ ಕೇಳಿಬಂದರೂ ಅದರ ಹಿಂದೆ ಈ ಸರಪಳಿ ಇದೆ. ಪ್ರತಿ ಹೊಲಕ್ಕೂ ಸರ್ವೆ ನಂಬರು ಬಂತು, ಮೂಲೆಗಳಿಗೆ ಬಾಂದುಕಲ್ಲು ಬಂತು. ಟಿಪ್ಪಣಿ ಎಂಬ ಕೈನಕ್ಷೆಯಲ್ಲಿ ಹೊಲದ ನಡುವಿನ ರೇಖೆಯನ್ನೂ ಅದರಿಂದ ಅಂಚುಗಳಿಗಿರುವ ದೂರವನ್ನೂ ಸರಪಳಿ, ಆಣೆಗಳಲ್ಲಿ ಬರೆದರು. ಒಟ್ಟು ವಿಸ್ತೀರ್ಣ, ಅದರಲ್ಲಿ ಖರಾಬೆಷ್ಟು, ಕಂದಾಯವೆಷ್ಟು ಎಂಬುದು ಆಕಾರ್‌ಬಂದಿಗೆ ಸೇರಿತು. ಒಂದೂವರೆ ಶತಮಾನ ಕಳೆದರೂ ಗಡಿ ತಕರಾರು ಬಂದಾಗ ಸರ್ವೆಯರ್ ಬಿಚ್ಚುವುದು ಆ ಟಿಪ್ಪಣಿಯ ನಕಲನ್ನೇ. ಅದನ್ನು ಅಳೆದವರ ಶ್ರದ್ಧೆಯನ್ನು ಮೆಚ್ಚಲೇಬೇಕು.

ಆದರೆ ಸರ್ವೆ ಹೇಳಿದ್ದು ಹೊಲದ ಕಥೆ. ಕೊಟ್ಟು ತೆಗೆದುಕೊಂಡವರ ಕಥೆಗೆ ನೋಂದಣಿ ಬೇಕಿತ್ತು. ಇಂದಿಗೂ ಜಾರಿಯಲ್ಲಿರುವ 1908ರ ನೋಂದಣಿ ಕಾಯ್ದೆಯ ಪ್ರಕಾರ ನೂರು ರೂಪಾಯಿ ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯ ನೋಂದಣಿಯಾಗಲೇಬೇಕು. ಪತ್ರ ಬರೆದ ನಾಲ್ಕು ತಿಂಗಳೊಳಗೆ ಹಾಜರುಪಡಿಸಬೇಕು. ಸ್ಥಿರಾಸ್ತಿಯ ಪತ್ರಗಳ ನಕಲು 1ನೇ ಪುಸ್ತಕಕ್ಕೆ, ಉಯಿಲುಗಳದು 3ನೇ ಪುಸ್ತಕಕ್ಕೆ ಸೇರುತ್ತದೆ. ಅವುಗಳನ್ನು ಹುಡುಕಲು ಸೂಚಿಗಳಿವೆ: ಒಂದು ಹೆಸರಿನ ಮೇಲೆ, ಇನ್ನೊಂದು ಆಸ್ತಿಯ ಮೇಲೆ.

ಸ್ವಾತಂತ್ರ್ಯಕ್ಕೆ ಮುಂಚಿನ ಮೈಸೂರು ಕ್ರಯಪತ್ರವೊಂದನ್ನು ಬಿಡಿಸಿದರೆ ಓದುವ ಕ್ರಮ ತಾನಾಗಿ ತಿಳಿಯುತ್ತದೆ. ಮೇಲೆ ಗಂಡಭೇರುಂಡದ ಛಾಪಾ. ಮೊದಲ ಸಾಲಿನಲ್ಲಿ ಸಂವತ್ಸರ, ಮಾಸ, ತಿಥಿ, ಪಕ್ಕದಲ್ಲೇ ಇಂಗ್ಲಿಷ್ ತಾರೀಖು. ಬರೆಸಿಕೊಂಡವರು, ಬರೆದುಕೊಟ್ಟವರ ತಂದೆಯ ಹೆಸರು, ಕಸುಬು, ವಾಸದ ಮೊಹಲ್ಲಾ. ಆಮೇಲೆ ಆಸ್ತಿ ತಮಗೆ ಹೇಗೆ ಬಂತೆಂಬ ವಿವರಣೆ: ಪಿತ್ರಾರ್ಜಿತವೋ, ಸ್ವಯಾರ್ಜಿತವೋ, ಪಾಲುಪಾರೀಕತ್ತಿನಿಂದ ಬಂದದ್ದೋ. ಹಿಂದಿನ ಪತ್ರದ ಜಾಡು ಸಿಗುವುದು ಇಲ್ಲಿಯೇ, ಆದ್ದರಿಂದ ಈ ಎರಡು ಮೂರು ಸಾಲನ್ನು ಎರಡು ಸಲ ಓದಬೇಕು. ಮುಂದೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳನ್ನು ಬಿಟ್ಟುಕೊಟ್ಟ ಮಾತು. ವಿಜಯನಗರ ಕಾಲದ ತಾಮ್ರಪಟಗಳಲ್ಲಿ ಕಾಣುವ ಪದಪುಂಜ ಒಕ್ಕಣೆಗಾರರ ಕೈಯಿಂದ ಕೈಗೆ ಸಾಗಿ ಛಾಪಾಕಾಗದಕ್ಕೂ ಬಂತು.

ಎಲ್ಲಕ್ಕಿಂತ ಮುಖ್ಯ ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಾಜಬೀದಿ, ಉತ್ತರಕ್ಕೆ ಸಂದಿ, ದಕ್ಷಿಣಕ್ಕೆ ಕನ್ಸರ್ವೆನ್ಸಿ. ಮನೆ ನಂಬರು ಬದಲಾಗುತ್ತದೆ, ರಸ್ತೆಯ ಹೆಸರು ಬದಲಾಗುತ್ತದೆ, ಪಕ್ಕದ ಮನೆಯವರೂ ಬದಲಾಗುತ್ತಾರೆ. ಆದರೂ ನೆರೆಯ ಮನೆಯ ಪತ್ರವನ್ನು ಪಕ್ಕಕ್ಕಿಟ್ಟು ಎರಡರ ಚಕ್ಕುಬಂದಿ ಹೊಂದಿಸಿದರೆ ಹೆಚ್ಚಿನ ಗೋಜಲು ಬಿಡಿಸಬಹುದು. ಕೊನೆಯಲ್ಲಿ ಸಾಕ್ಷಿಗಳ ರುಜು, ಬರೆದವನ ಬಿಕ್ಕಲಂ. ಪತ್ರದ ಹಿಂಬದಿಯನ್ನು ಅನೇಕರು ನೋಡುವುದೇ ಇಲ್ಲ. ಸಬ್‌ರಿಜಿಸ್ಟ್ರಾರ್ ಷರಾ ಇರುವುದು ಅಲ್ಲಿ: ದಸ್ತಾವೇಜಿನ ನಂಬರು, ವರ್ಷ, 1ನೇ ಪುಸ್ತಕದ ಎಷ್ಟನೇ ಸಂಪುಟ, ಎಷ್ಟನೇ ಪುಟ. ಮೂಲಪತ್ರ ಕಳೆದರೂ ಈ ನಾಲ್ಕು ಅಂಕಿಯಿದ್ದರೆ ದೃಢೀಕೃತ ನಕಲು ಸಿಗುತ್ತದೆ.

ಕನ್ಸರ್ವೆನ್ಸಿ ಓಣಿಗೆ ಮೈಸೂರಿನಲ್ಲಿ ತನ್ನದೇ ಹಿನ್ನೆಲೆಯಿದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ಲೇಗ್ ನಗರವನ್ನು ನಡುಗಿಸಿದ ಮೇಲೆ, 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ದೇಶದಲ್ಲೇ ಇಂಥ ಮೊದಲ ಸಂಸ್ಥೆಗಳಲ್ಲಿ ಅದೂ ಒಂದು. ಕನ್ಸರ್ವೆನ್ಸಿ ಓಣಿಗಳಿದ್ದ ಹೊಸ ಬಡಾವಣೆಗಳ ಜೊತೆಗೆ ಹೊಸ ಬಗೆಯ ಕಾಗದವೂ ಬಂತು: ಹಂಚಿಕೆ ಪತ್ರ, ಸ್ವಾಧೀನ ಪತ್ರ, ಗುತ್ತಿಗೆ ಮತ್ತು ಕ್ರಯದ ಕರಾರು. ಮಂಡಳಿಯ ಕೆಲಸವನ್ನು 1988ರಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ) ವಹಿಸಿಕೊಂಡಿತು. ಈಗ ಅದೇ ಮೈಸೂರು ಅಭಿವೃದ್ಧಿ ಪ್ರಾಧಿಕಾರ. ಇಂಥ ಬಡಾವಣೆಗಳಲ್ಲಿ ಮೂಲಪತ್ರವೆಂದರೆ ಮಂಡಳಿಯೇ ಬರೆದುಕೊಟ್ಟ ಕ್ರಯಪತ್ರ. ಅದಕ್ಕೂ ಹಿಂದೆ ಹೋಗಬೇಕಾದರೆ ಹಳ್ಳಿಯ ಸರ್ವೆ ನಂಬರು, ಭೂಸ್ವಾಧೀನದ ಅಧಿಸೂಚನೆಗಳನ್ನು ನೋಡಬೇಕು.

ಹಳ್ಳಿಯ ದಾಖಲೆಗಳಂತೂ ಸ್ವಾತಂತ್ರ್ಯಾನಂತರ ಬುಡಸಮೇತ ಅಲುಗಾಡಿದವು. 1954ರ ಕಾಯ್ದೆ ಇನಾಮುಗಳನ್ನು ರದ್ದುಮಾಡಿತು. 1961ರ ಕಾಯ್ದೆಯಿಂದ ಶಾನುಭೋಗಿಕೆ, ಪಟೇಲಿಕೆ ಹೋಗಿ ಸರ್ಕಾರಿ ಗ್ರಾಮಲೆಕ್ಕಿಗರು ಬಂದರು. 1964ರ ಭೂಕಂದಾಯ ಕಾಯ್ದೆಯ ಆಧಾರದ ಮೇಲೆ ಇಂದಿನ ಪಹಣಿ ರೂಪುಗೊಂಡಿತು. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆ ತಿದ್ದುಪಡಿಯಲ್ಲಿ ಗೇಣಿದಾರರು ಫಾರಂ 7 ಅರ್ಜಿ ಹಾಕಿ ಹಕ್ಕು ಪಡೆದರು. ಅದರ ಹಿಂದಿದ್ದ ಮುಖ್ಯಮಂತ್ರಿ ಡಿ. ದೇವರಾಜ ಅರಸು ಹುಣಸೂರು ತಾಲ್ಲೂಕಿನವರು. 1978ರ ಪಿಟಿಸಿಎಲ್ ಕಾಯ್ದೆ ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವುದನ್ನು ತಡೆಯಿತು. ನಗರದ ಅಂಚಿನಲ್ಲಿ ಜಮೀನು ಕೊಳ್ಳುವವರು ಪಹಣಿಯ ಇಂದಿನ ಹೆಸರನ್ನಷ್ಟೇ ನೋಡಿ ಸುಮ್ಮನಾಗಬಾರದು ಎನ್ನುವುದು ಇದಕ್ಕೇ. 9ನೇ ಕಲಂ ಖಾತೆದಾರನ ಹೆಸರು ಹೇಳುತ್ತದೆ, 11ನೇ ಕಲಂ ಸಾಲ, ತಕರಾರುಗಳನ್ನು ಹೇಳುತ್ತದೆ. ಮೂಲದಲ್ಲಿ ಮಂಜೂರಾತಿ ಜಮೀನೋ ಅಲ್ಲವೋ ಎಂಬುದಕ್ಕೆ ತಾಲ್ಲೂಕು ಕಚೇರಿಯ ಹಳೆಯ ಕಡತವೇ ಆಗಬೇಕು.

ಒಂದು ಷರಾ ಎಷ್ಟು ಜನರನ್ನು ಕಾಡಬಹುದು ಎಂಬುದಕ್ಕೆ ಕುರುಬಾರಹಳ್ಳಿಯ ಸರ್ವೆ ನಂಬರ್ 4 ಸಾಕು. ಚಾಮುಂಡಿಬೆಟ್ಟದ ತಪ್ಪಲಿನ, ಒಂದೂವರೆ ಸಾವಿರ ಎಕರೆಗೂ ಮೀರಿದ ಈ ಜಾಗ ಅರಮನೆಯ ಖಾಸಗಿ ಆಸ್ತಿಯೋ, ಸಾರ್ವಜನಿಕರಿಗೆ ಬಿಟ್ಟ ‘ಬಿ’ ಖರಾಬೋ ಎಂಬ ವ್ಯಾಜ್ಯ ಹೈಕೋರ್ಟಿಗೂ ಹೋಯಿತು. ‘ಎ’ ಖರಾಬಾದರೆ ಉಳುಮೆಗೆ ಬಾರದ ಜಾಗವೆಂದಷ್ಟೇ ಅರ್ಥ. ‘ಬಿ’ ಖರಾಬಾದರೆ ರಸ್ತೆ, ಹಳ್ಳ, ಸ್ಮಶಾನದ ಹಾಗೆ ಸಾರ್ವಜನಿಕರದು. ಈ ಒಂದಕ್ಷರದ ವ್ಯತ್ಯಾಸದಿಂದ ಸಿದ್ಧಾರ್ಥ ಬಡಾವಣೆ, ಕೆ.ಸಿ. ಬಡಾವಣೆ, ಜೆ.ಸಿ. ನಗರಗಳ ನಿವಾಸಿಗಳು ನೋಂದಾಯಿತ ಪತ್ರ ಕೈಯಲ್ಲಿದ್ದೂ ವರ್ಷಗಟ್ಟಲೆ ಖಾತೆಗಾಗಿ ಅಲೆದರು. ಜೀವಮಾನದ ಉಳಿತಾಯ ಹಾಕಿ ಮನೆ ಕಟ್ಟಿಕೊಂಡವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆಯಿಲ್ಲ.

ಇನ್ನೊಂದು ಉದಾಹರಣೆ ಕೆಸರೆಯ ಸರ್ವೆ ನಂಬರ್ 464. ಅದರ 3 ಎಕರೆ 16 ಗುಂಟೆ, ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕುಟುಂಬಕ್ಕೆ ಸಂಬಂಧಿಸಿದ ಕಾರಣ, 2024ರಲ್ಲಿ ನಾಡಿನಾದ್ಯಂತ ಸುದ್ದಿಯಾಯಿತು. ಆರೋಪ, ಪ್ರತ್ಯಾರೋಪಗಳನ್ನು ಬದಿಗಿಟ್ಟು ನೋಡಿದರೆ ಜನಸಾಮಾನ್ಯರು ಮೊದಲ ಬಾರಿಗೆ ಒಂದು ಜಮೀನಿನ ಕಾಗದಗಳನ್ನು ಸಾಲಾಗಿಟ್ಟು ಓದಿದ್ದು ಆಗಲೇ: ಸ್ವಾಧೀನದ ಅಧಿಸೂಚನೆ, ಅದರಿಂದ ಕೈಬಿಟ್ಟ ಆದೇಶ, 2004ರ ಕ್ರಯ, 2005ರ ಭೂಪರಿವರ್ತನೆ, 2010ರ ದಾನಪತ್ರ, 2021ರಲ್ಲಿ ಬದಲಿಯಾಗಿ ಮೈಸೂರಿನ ವಿಜಯನಗರ ಬಡಾವಣೆಯಲ್ಲಿ ಸಿಕ್ಕ 14 ನಿವೇಶನ, 2024ರ ಅಕ್ಟೋಬರಿನಲ್ಲಿ ಅವುಗಳ ವಾಪಸಾತಿ. ಕ್ರಯವಾದ ದಿನ ಸ್ಥಳದಲ್ಲಿ ಏನಿತ್ತು, ಕಾಗದದಲ್ಲಿ ಏನಿತ್ತು ಎಂಬ ಪ್ರಶ್ನೆ ಚಹಾ ಅಂಗಡಿಗಳಲ್ಲೂ ಎದ್ದಿತು.

ಇಷ್ಟರಲ್ಲಿ ಕಂಪ್ಯೂಟರ್ ಬಂದು ಎರಡು ದಶಕವೇ ಆಗಿತ್ತು. ಭೂಮಿ ಯೋಜನೆ ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಪ್ರಯೋಗವಾಗಿ, 2000ದ ಸುಮಾರಿಗೆ ರಾಜ್ಯಕ್ಕೆ ಹಬ್ಬಿತು. 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕೈಬರಹದಿಂದ ಹೊರಬಂದವು. ಹದಿನೈದು ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗುತ್ತಿದ್ದ ಆ ಬದಲಾವಣೆ ಸಣ್ಣದಲ್ಲ. ಆದರೆ ಪುಸ್ತಕದಲ್ಲಿದ್ದ ತಪ್ಪು ಹೆಸರು, ತಪ್ಪು ವಿಸ್ತೀರ್ಣವೂ ಹಾಗೇ ಕಂಪ್ಯೂಟರಿಗೆ ಹೋಯಿತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್ 1ರಿಂದೀಚಿನ ಋಣಭಾರ ಪತ್ರ, ಅಂದರೆ ಇ.ಸಿ. ಸಿಗುತ್ತದೆ. 2023ರಲ್ಲಿ ಕಾವೇರಿ 2.0 ಬಂತು, 2024ರ ಸೆಪ್ಟೆಂಬರಿನಿಂದ ಜಿಲ್ಲೆಯ ಯಾವ ಉಪನೋಂದಣಿ ಕಚೇರಿಯಲ್ಲಾದರೂ ನೋಂದಣಿ ಸಾಧ್ಯವಾಯಿತು. 2004ಕ್ಕೆ ಮುಂಚಿನದಕ್ಕೆ ಮಾತ್ರ ಕೈಬರಹದ ಸೂಚಿಗಳೇ ಗತಿ. ಇ.ಸಿ.ಯಲ್ಲಿ ವ್ಯವಹಾರಗಳಿದ್ದರೆ ಫಾರಂ 15, ಏನೂ ಇಲ್ಲದಿದ್ದರೆ ಫಾರಂ 16 ಬರುತ್ತದೆ. ಫಾರಂ 16 ಬಂತೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ನೋಂದಣಿಯಾಗದ ಉಯಿಲು, ಮನೆಯೊಳಗಿನ ಬಾಯಿಮಾತಿನ ಪಾಲು, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ ಅದರಲ್ಲಿ ಕಾಣುವುದೇ ಇಲ್ಲ. ಖಾತೆಯೂ ಅಷ್ಟೆ. ಖಾತೆ, ಮ್ಯುಟೇಶನ್‌ಗಳು ಕಂದಾಯ ವಸೂಲಿಗಾಗಿ ಇರುವುವೇ ಹೊರತು ಅವುಗಳಿಂದ ಹಕ್ಕು ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಜಿ.ಪಿ.ಎ., ಅಂದರೆ ಸಾಮಾನ್ಯ ಅಧಿಕಾರ ಪತ್ರದ ಮೂಲಕ ಮಾಡಿದ ಮಾರಾಟದಿಂದ ಮಾಲೀಕತ್ವ ಬಾರದು ಎಂದು 2011ರಲ್ಲಿ ತೀರ್ಪಿತ್ತಿದೆ.

ಖಾತರಿಯ ಹಕ್ಕುದಾಖಲೆ ಅಸಾಧ್ಯವೇನಲ್ಲ. ದಕ್ಷಿಣ ಆಸ್ಟ್ರೇಲಿಯದಲ್ಲಿ ರಾಬರ್ಟ್ ಟಾರೆನ್ಸ್ 1858ರಲ್ಲೇ ಅದನ್ನು ಜಾರಿಗೆ ತಂದರು. ಅಲ್ಲಿ ಸರ್ಕಾರದ ರಿಜಿಸ್ಟರಿನಲ್ಲಿ ಹೆಸರಿದ್ದವನೇ ಮಾಲೀಕ. ಭಾರತಕ್ಕೂ ಅದು ಬೇಕೆಂದು ಡಿ.ಸಿ. ವಾಧ್ವಾ 1989ರಲ್ಲಿ ಶಿಫಾರಸು ಮಾಡಿದ್ದರು. ಕರ್ನಾಟಕ ಅದರತ್ತ ಇಟ್ಟ ಹೆಜ್ಜೆ ಯುಪಿಒಆರ್, ಅಂದರೆ ನಗರ ಆಸ್ತಿ ಮಾಲೀಕತ್ವದ ದಾಖಲೆ. ಮೈಸೂರೂ ಆರಂಭದಿಂದಲೇ ಆ ಯೋಜನೆಯಲ್ಲಿತ್ತು. ಮನೆ ಮನೆ ಅಳೆದು, ಪತ್ರಗಳನ್ನು ಪರಿಶೀಲಿಸಿ, ಕರಡು ಪ್ರಕಟಿಸಿ, ಆಕ್ಷೇಪಣೆ ಕೇಳಿ, ನಕ್ಷೆಸಹಿತ ಪಿ.ಆರ್. ಕಾರ್ಡ್ ಕೊಡುವ ಏರ್ಪಾಡು ಅದು. ಅಳತೆಯನ್ನೂ ಹಕ್ಕನ್ನೂ ಒಂದೇ ಹಾಳೆಯಲ್ಲಿ ತರಲು ಹೊರಟ ಯೋಜನೆ ಅದಾಗಿದ್ದುದರಿಂದ, ಮೈಸೂರಿನ ಮಟ್ಟಿಗೆ ಬೇರೆಲ್ಲ ತಂತ್ರಾಂಶಗಳಿಗಿಂತ ಹೆಚ್ಚಿನ ಆಸ್ಥೆ ಅದಕ್ಕೆ ಸಲ್ಲಬೇಕಿತ್ತು.

ಖಾತರಿಯ ಹಕ್ಕುದಾಖಲೆ ಬರುವವರೆಗೆ ತಾಳೆ ನೋಡುವ ಕೆಲಸ ಕೊಳ್ಳುವವರದೇ. ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ ಈಗ ನಡೆಯುತ್ತಿದೆ. ಹಾಳೆಗಳು ಪುಡಿಯಾಗುವ ಮೊದಲು ಅದು ಮುಗಿಯಬೇಕು, ಉಪನೋಂದಣಿ ಕಚೇರಿಗಳ ಹಳೆಯ ಸೂಚಿಗಳಿಗೂ ಅದೇ ಆಸ್ಥೆ ಸಿಗಬೇಕು. ಮನೆಯ ಟ್ರಂಕಿನಲ್ಲಿ ಪತ್ರ ಇಟ್ಟುಕೊಂಡವರು ಅದರ ಹಿಂಬದಿಯ ಷರಾವನ್ನು ಬೇರೆ ಕಾಗದದಲ್ಲಿ ಬರೆದಿಡುವುದು ಒಳ್ಳೆಯದು. ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ 1ನೇ ಪುಸ್ತಕವನ್ನೂ ಅದರ ಸೂಚಿಗಳನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಅದಕ್ಕೆ ವಕೀಲರಾಗಿರಬೇಕಿಲ್ಲ, ಆಸ್ತಿಯ ಮಾಲೀಕರೂ ಆಗಿರಬೇಕಿಲ್ಲ.