ಕ್ರೆಶೊ ಗೋಲಿಕ್

ಕ್ರೆಶೊ ಗೋಲಿಕ್ (1922–1996) ಕ್ರೊಯೇಶಿಯಾದ ಚಲನಚಿತ್ರ ಮತ್ತು ಕಿರುತೆರೆ ನಿರ್ದೇಶಕ. ಗೋರ್ಸ್ಕಿ ಕೊತಾರ್ ಬೆಟ್ಟಸೀಮೆಯ ಫುಝಿನೆ ಈತನ ಹುಟ್ಟೂರು. ಮೊದಲು ಪತ್ರಕರ್ತನಾಗಿದ್ದು, ಎರಡನೆಯ ಮಹಾಯುದ್ಧದ ಬಳಿಕ ಜಾಗ್ರೆಬ್‌ನಲ್ಲಿ ಚಿತ್ರರಂಗ ಸೇರಿದ. ಯುದ್ಧದ ಚಿತ್ರಗಳೇ ಹೆಚ್ಚಾಗಿದ್ದ ಅಂದಿನ ಯುಗೊಸ್ಲಾವಿಯಾದಲ್ಲಿ ಈತನ ಮೊದಲ ಕಥಾಚಿತ್ರ 'ಪ್ಲಾವಿ 9' (1950) ಫುಟ್‌ಬಾಲ್ ಸುತ್ತ ಹೆಣೆದ ಹಾಸ್ಯಚಿತ್ರವಾಗಿತ್ತು. ಜನ ಮುಗಿಬಿದ್ದು ನೋಡಿದರು. 1955ರ 'ಜೆವೊಯ್ಕಾ ಇ ಹ್ರಾಸ್ತ್' (ಹುಡುಗಿ ಮತ್ತು ಓಕ್ ಮರ) ಕಲ್ಲುನೆಲದ ಬಡ ಹಳ್ಳಿಯೊಂದರ ಗಂಭೀರ ಕಥೆ.

ಅಷ್ಟರಲ್ಲಿ ವೃತ್ತಿಗೆ ದೊಡ್ಡ ಪೆಟ್ಟು ಬಿತ್ತು. ಫ್ಯಾಸಿಸ್ಟ್ ಉಸ್ತಾಶಾ ಆಳ್ವಿಕೆಯ ಯುದ್ಧಕಾಲದಲ್ಲಿ ಬರೆದಿದ್ದ ಪತ್ರಿಕಾ ಲೇಖನಗಳು ಹೊರಬಿದ್ದು, ಗೋಲಿಕ್‌ಗೆ ನಿರ್ದೇಶನದ ಅವಕಾಶ ತಪ್ಪಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಈತನ ಹೊಸ ಕಥಾಚಿತ್ರ ಬರಲಿಲ್ಲ. ಬೇರೆಯವರ ಚಿತ್ರಗಳಿಗೆ ಸಹಾಯಕನಾಗಿ ದುಡಿಯಬೇಕಾಯಿತು.

ಮರಳಿ ಬಂದದ್ದು ಒಂದು ಕಿರು ಸಾಕ್ಷ್ಯಚಿತ್ರದಿಂದ. 'ಓದ್ 3 ದೋ 22' (1966) ಬಟ್ಟೆ ಗಿರಣಿಯ ಕಾರ್ಮಿಕಳೊಬ್ಬಳ ಒಂದು ದಿನವನ್ನು ನಸುಕಿನ ಮೂರರಿಂದ ರಾತ್ರಿ ಹತ್ತರವರೆಗೆ ಹಿಂಬಾಲಿಸುತ್ತದೆ. ಮಗು, ಒಲೆ, ದೂರದ ಕಾರ್ಖಾನೆ, ಮತ್ತೆ ಮನೆಗೆಲಸ. ಹಿನ್ನೆಲೆಯಲ್ಲಿ ವಿವರಣೆ ಹೇಳುವ ದನಿಯಿಲ್ಲ, ಮರುಕ ಹುಟ್ಟಿಸುವ ಪ್ರಯತ್ನವೂ ಇಲ್ಲ. ದುಡಿಯುವ ಹೆಣ್ಣಿನ ಆಯಾಸವನ್ನು ಇಷ್ಟು ನೇರವಾಗಿ, ಇಷ್ಟು ಗೌರವದಿಂದ ಕಂಡ ಚಿತ್ರಗಳು ವಿರಳ. ಗೋಲಿಕ್‌ನ ಕೃತಿಗಳಲ್ಲಿ ಇದಕ್ಕೇ ಮೊದಲ ಸ್ಥಾನ ಸಲ್ಲಬೇಕು.

ಜನ ಮಾತ್ರ ಈತನನ್ನು ನೆನೆಯುವುದು 'ತ್ಕೊ ಪ್ಯೆವಾ ಜ್ಲೊ ನೆ ಮಿಸ್ಲಿ' (ಹಾಡುವವನು ಕೇಡು ಬಗೆಯನು, 1970) ಚಿತ್ರಕ್ಕಾಗಿ. ವ್ಯೆಕೊಸ್ಲಾವ್ ಮಾಯೆರ್‌ನ ಕಥೆಯನ್ನು ಆಧರಿಸಿದ ಈ ಸಂಗೀತಮಯ ಹಾಸ್ಯಚಿತ್ರ 1930ರ ದಶಕದ ಜಾಗ್ರೆಬ್‌ನಲ್ಲಿ ನಡೆಯುತ್ತದೆ. ವನಭೋಜನದಲ್ಲಿ ಪರಿಚಯವಾದ ಶೋಕಿಲಾಲ ಫುಲಿರ್ (ರೆಲ್ಯಾ ಬಾಶಿಚ್) ಶಾಫ್ರಾನೆಕ್ ದಂಪತಿಯ ಮನೆಗೆ ಎಡತಾಕತೊಡಗುತ್ತಾನೆ. ಅವನ ಕಣ್ಣು ಗೃಹಿಣಿ ಆನಾಳ ಮೇಲೆ. ಮನೆಯವರಿಗೆ ಅವನನ್ನು ಮದುವೆಯಾಗದ ಮಿನಾ ಅತ್ತೆಗೆ ಗಂಟುಹಾಕುವ ಆಸೆ. ಪುಟ್ಟ ಮಗ ಪೆರಿತ್ಸಾ ಕಂಡದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಡುತ್ತಾನೆ. ದೊಡ್ಡವರ ಕಪಟ ಮಗುವಿನ ಮಾತಿನಲ್ಲಿ ತಾನಾಗಿ ಬಯಲಾಗುತ್ತದೆ, ಆದರೂ ಚಿತ್ರಕ್ಕೆ ಯಾರ ಮೇಲೂ ಕಹಿಯಿಲ್ಲ. 1999ರಲ್ಲಿ ವಿಮರ್ಶಕರು ಇದನ್ನು ಸಾರ್ವಕಾಲಿಕ ಶ್ರೇಷ್ಠ ಕ್ರೊಯೇಶಿಯನ್ ಚಿತ್ರವೆಂದು ಆರಿಸಿದರು.

ಕಿರುತೆರೆಯಲ್ಲಿ ಹೆಸರು ತಂದದ್ದು 'ಗ್ರುಂತೊವ್ಚಾನಿ' (1975). ಮ್ಲಾದೆನ್ ಕೆರ್ಸ್ಟ್‌ನರ್ ಬರೆದ ಹತ್ತು ಕಂತುಗಳ ಈ ಧಾರಾವಾಹಿಯ ಪಾತ್ರಗಳು ಆಡುವುದು ಉತ್ತರ ಕ್ರೊಯೇಶಿಯಾದ ಕಾಯ್ಕಾವಿಯನ್ ಉಪಭಾಷೆ. ಎಲ್ಲರನ್ನೂ ನಂಬಿ ಮೋಸಹೋಗುವ ರೈತ ದುದೆಕ್ (ಮಾರ್ಟಿನ್ ಸಾಗ್ನೆರ್), ಅವನನ್ನು ಗದರುತ್ತಲೇ ಕಾಯುವ ಹೆಂಡತಿ ರೆಗಿತ್ಸಾ ಮನೆಮಾತಾದರು. ಮುಂದೆ 'ಇನ್‌ಸ್ಪೆಕ್ಟರ್ ವಿಂಕೊ' ಧಾರಾವಾಹಿಯನ್ನೂ ನಿರ್ದೇಶಿಸಿದ ಗೋಲಿಕ್‌ನ ಕೊನೆಯ ಕಥಾಚಿತ್ರ 'ವಿಲಾ ಓರ್ಹಿದೇಯಾ' 1988ರಲ್ಲಿ ತೆರೆಕಂಡಿತು.